ಹೊಸ ಟ್ರಾವೆಲ್ ಟ್ರೇಲರ್‌ನ ಮೊದಲ ಪ್ರಯಾಣ: ಮನೆ ಹತ್ತಿರವೇ ಎರಡು ರಾತ್ರಿ

ಟ್ರಾವೆಲ್ ಟ್ರೇಲರ್ ಮನೆ ಮುಂದೆ ಬಂದು ನಿಂತ ದಿನ ಎಲ್ಲರೂ ಮ್ಯಾಪ್ ತೆಗೆದು ಕೂರುತ್ತಾರೆ. ಯೊಸೆಮಿಟಿ, ಝಯಾನ್, ಗ್ರ್ಯಾಂಡ್ ಕ್ಯಾನಿಯನ್. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯ ನಮ್ಮ ಮನೆಯಲ್ಲೂ ಹಾಗೇ ಆಯಿತು. ಆದರೆ ಮೊದಲು ಹೋಗಬೇಕಾದ ಜಾಗಗಳು ಅವಲ್ಲ. ಮನೆಯಿಂದ ಒಂದು ಗಂಟೆಯೊಳಗೆ ಇರುವ, ನೀರು, ಕರೆಂಟು, ಕೊಳಚೆ ಪೈಪು ಮೂರೂ ಸಿಗುವ ಸಾಧಾರಣ ಪಾರ್ಕ್ ಒಂದನ್ನು ಹುಡುಕಿ. ಎರಡು ರಾತ್ರಿಗೆ ಬುಕ್ ಮಾಡಿ. ಇಲ್ಲಿನವರು ಇದನ್ನು ಶೇಕ್‌ಡೌನ್ ಟ್ರಿಪ್ ಅನ್ನುತ್ತಾರೆ.

ಇದು ಯಾಕೆ ಬೇಕು? ಟ್ರೇಲರ್ ಅಂದರೆ ಚಕ್ರದ ಮೇಲೆ ಕಟ್ಟಿದ ಮನೆ. ಪೈಪು, ವೈರು, ಗ್ಯಾಸು, ಕಪಾಟು ಎಲ್ಲವೂ ಅದರಲ್ಲಿದೆ. ಮನೆ ನಿಂತಲ್ಲೇ ನಿಂತಿರುತ್ತದೆ. ಇದು ಗಂಟೆಗೆ 55 ಮೈಲಿ ವೇಗದಲ್ಲಿ ಕುಲುಕಾಡುತ್ತ ಹೋಗುತ್ತದೆ. ಹೊಚ್ಚ ಹೊಸದರಲ್ಲೂ ಎಲ್ಲೋ ಒಂದು ನಲ್ಲಿಯ ಜಾಯಿಂಟ್ ಸಡಿಲ ಇರುತ್ತದೆ, ಎಲ್ಲೋ ಒಂದು ಸ್ಕ್ರೂ ಬಿಟ್ಟು ಹೋಗಿರುತ್ತದೆ. ಅದು ಮನೆಯ ಹತ್ತಿರ ಸಿಕ್ಕಿದರೆ ಒಂದು ಸಣ್ಣ ರಿಪೇರಿ. ನೆವಾಡಾದ ಮರುಭೂಮಿಯಲ್ಲಿ ರಾತ್ರಿ ಹತ್ತಕ್ಕೆ ಸಿಕ್ಕಿದರೆ ಮಕ್ಕಳನ್ನು ಇಟ್ಟುಕೊಂಡು ಪಡಬಾರದ ಪಾಡು. ಹಾಗಾಗಿ ಈ ಎರಡು ದಿನವನ್ನು ರಜೆ ಅಂದುಕೊಳ್ಳಬೇಡಿ. ದೋಷ ಹುಡುಕುವುದಕ್ಕೇ ಹೋಗುತ್ತಿದ್ದೇವೆ ಅಂತ ಮನೆಯವರಿಗೆಲ್ಲ ಮೊದಲೇ ಹೇಳಿ. ಒಂದು ನೋಟ್‌ಬುಕ್ ಕೊಂಡು ಅಡುಗೆಮನೆ ಡ್ರಾಯರ್‌ನಲ್ಲಿ ಇಡಿ. ನಮ್ಮದರಲ್ಲಿ ಎರಡು ರಾತ್ರಿಗೆ 17 ಐಟಂ ಬರೆದಿದ್ದೆವು.

ಮೊದಲು ತೂಕದ ಲೆಕ್ಕ

ಹೊರಡುವ ಒಂದು ವಾರ ಮೊದಲೇ ಈ ಲೆಕ್ಕ ಮಾಡಿ. ಹೆಚ್ಚಿನವರು ಟೋಯಿಂಗ್ ಕೆಪ್ಯಾಸಿಟಿ (ಪಿಕಪ್ ಟ್ರಕ್ ಎಷ್ಟು ಭಾರ ಎಳೆಯಬಲ್ಲದು) ಒಂದನ್ನೇ ನೋಡುತ್ತಾರೆ. 'ನನ್ನ ಟ್ರಕ್ 9,000 ಪೌಂಡ್ ಎಳೆಯುತ್ತೆ, ಟ್ರೇಲರ್ 5,500 ಪೌಂಡ್, ಮತ್ತಿನ್ನೇನು?' ಅನ್ನುತ್ತಾರೆ. ತೊಂದರೆ ಬರುವುದು ಪೇಲೋಡ್‌ನಲ್ಲಿ, ಅಂದರೆ ಟ್ರಕ್ ತನ್ನ ಮೇಲೆ ಹೊರಬಲ್ಲ ಭಾರದಲ್ಲಿ. ಡ್ರೈವರ್ ಬಾಗಿಲು ತೆಗೆದರೆ ಕಂಬದ ಮೇಲೆ ಒಂದು ಹಳದಿ-ಬಿಳಿ ಸ್ಟಿಕ್ಕರ್ ಇರುತ್ತದೆ. ಜನ ಮತ್ತು ಸಾಮಾನು ಸೇರಿ ಇಷ್ಟು ಪೌಂಡ್ ಮೀರಬಾರದು ಅಂತ ಅದರಲ್ಲಿ ಬರೆದಿರುತ್ತದೆ. ಟ್ರೇಲರ್‌ನ ಮೂತಿ ಹಿಚ್ (ಟ್ರಕ್ ಹಿಂದೆ ಟ್ರೇಲರ್ ಸಿಕ್ಕಿಸುವ ಕೊಂಡಿ) ಮೇಲೆ ಒತ್ತುವ ಭಾರವೂ ಈ ಲೆಕ್ಕಕ್ಕೇ ಸೇರಬೇಕು.

ಆ ಭಾರ, ಅಂದರೆ ಟಂಗ್ ವೇಟ್, ತುಂಬಿದ ಟ್ರೇಲರ್ ತೂಕದ ಶೇಕಡ 10ರಿಂದ 15ರ ನಡುವೆ ಇರಬೇಕು. ನಮ್ಮ ಲೆಕ್ಕವನ್ನೇ ನೋಡಿ. ಟ್ರೇಲರ್ 5,500 ಪೌಂಡ್, ಶೇಕಡ 12 ಅಂದರೆ 660. ಹಿಚ್ ಸಾಮಾನು ಸುಮಾರು 80. ಐದು ಜನ 700. ಒಟ್ಟು 1,440. ನಮ್ಮ ಸ್ಟಿಕ್ಕರ್‌ನಲ್ಲಿ ಇದ್ದದ್ದು 1,500. ಅಂದರೆ ಟ್ರಕ್‌ನಲ್ಲಿ ಹಾಕಲು ಉಳಿದದ್ದು 60 ಪೌಂಡ್ ಮಾತ್ರ! ಅಮ್ಮ ಪ್ಯಾಕ್ ಮಾಡಿದ್ದ ಅಕ್ಕಿ, ಬೇಳೆ, ಕುಕ್ಕರ್ ಡಬ್ಬಿಗಳನ್ನು ಟ್ರಕ್‌ನಿಂದ ತೆಗೆದು ಟ್ರೇಲರ್‌ನ ಆಕ್ಸಲ್ ಹತ್ತಿರ, ನೆಲದ ಮಟ್ಟದಲ್ಲಿ ಇಟ್ಟೆವು. ಭಾರವನ್ನೆಲ್ಲ ಟ್ರೇಲರ್‌ನ ಹಿಂಭಾಗಕ್ಕೆ ತುಂಬಬೇಡಿ. ಮೂತಿ ಹಗುರಾದರೆ ಟ್ರೇಲರ್ ಹಾವಿನ ಹಾಗೆ ಓಲಾಡಲು ಶುರುಮಾಡುತ್ತದೆ.

ನೀರಿನ ತೂಕ ಮರೆಯಬೇಡಿ. ಒಂದು ಗ್ಯಾಲನ್ ನೀರು 8.34 ಪೌಂಡ್. 40 ಗ್ಯಾಲನ್ ಟ್ಯಾಂಕ್ ತುಂಬಿಸಿದರೆ 334 ಪೌಂಡ್, ಹತ್ತಿರ ಹತ್ತಿರ 150 ಕಿಲೋ. ಪಾರ್ಕ್‌ನಲ್ಲಿ ನೀರು ಸಿಗುತ್ತದೆ ಅಂದಮೇಲೆ ಪೂರ್ತಿ ತುಂಬಿಸಿಕೊಂಡು ಹೋಗುವುದು ಬೇಡ. ಲೆಕ್ಕದ ಮೇಲೆ ನಂಬಿಕೆ ಬರಬೇಕಾದರೆ ಹೈವೇ ಪಕ್ಕದ ಟ್ರಕ್ ಸ್ಟಾಪ್‌ನ ಕ್ಯಾಟ್ ಸ್ಕೇಲ್ ಮೇಲೆ ಒಮ್ಮೆ ತೂಗಿಸಿ. ಸಾಮಾನು, ಜನ ಎಲ್ಲ ಇರುವಾಗಲೇ ತೂಗಿಸಬೇಕು.

ಮನೆ ಮುಂದೆ ಮಾಡಬೇಕಾದದ್ದು

ನೀರಿನ ಟ್ಯಾಂಕ್ ಮತ್ತು ಪೈಪುಗಳನ್ನು ಬ್ಲೀಚ್ ಹಾಕಿ ತೊಳೆಯಬೇಕು. ಪ್ರತಿ 15 ಗ್ಯಾಲನ್‌ಗೆ ಕಾಲು ಕಪ್ ವಾಸನೆ ಇಲ್ಲದ ಮಾಮೂಲಿ ಬ್ಲೀಚ್. ಅದನ್ನು ನೀರಿನಲ್ಲಿ ಕಲಸಿ ಟ್ಯಾಂಕ್‌ಗೆ ಹಾಕಿ. ಪ್ರತಿ ನಲ್ಲಿಯಲ್ಲೂ ಬ್ಲೀಚ್ ವಾಸನೆ ಬರುವ ತನಕ ನೀರು ಬಿಡಿ. ಒಂದು ರಾತ್ರಿ ಹಾಗೇ ಬಿಟ್ಟು ಬೆಳಿಗ್ಗೆ ವಾಸನೆ ಹೋಗುವ ತನಕ ತೊಳೆಯಿರಿ. ಶುರುವಿನಲ್ಲಿ ಗುಲಾಬಿ ಬಣ್ಣದ ನೀರು ಬಂದರೆ ಗಾಬರಿ ಬೇಡ. ಚಳಿಗಾಲದಲ್ಲಿ ಪೈಪು ಹೆಪ್ಪುಗಟ್ಟದಿರಲು ತುಂಬಿದ್ದ ಆರ್‌ವಿ (ಇಂಥ ಚಕ್ರದ ಮನೆ) ಆಂಟಿಫ್ರೀಜ್ ಅದು.

ಟೈರ್ ಗಾಳಿಯನ್ನು ಟೈರ್ ತಣ್ಣಗಿರುವಾಗ ನೋಡಿ. ಸ್ಪೇರ್ ಟೈರ್‌ನಲ್ಲೂ ನೋಡಿ. ಟೈರ್ ಪಕ್ಕದಲ್ಲಿ DOT ಅಂತ ಶುರುವಾಗುವ ನಂಬರ್‌ನ ಕೊನೆಯ ನಾಲ್ಕು ಅಂಕಿ ಅದು ತಯಾರಾದ ವಾರ ಮತ್ತು ವರ್ಷ ಹೇಳುತ್ತವೆ. 2324 ಅಂದರೆ 2024ರ 23ನೇ ವಾರ. ಹೊಸ ಟ್ರೇಲರ್‌ಗೆ ಹಳೇ ಟೈರ್ ಬಂದಿದ್ದರೆ ಡೀಲರ್ ಹತ್ತಿರ ಈಗಲೇ ಕೇಳಬೇಕು.

ಫ್ರಿಡ್ಜ್ ಅನ್ನು ಹಿಂದಿನ ದಿನವೇ ಆನ್ ಮಾಡಿ. ಗ್ಯಾಸ್ ಮೇಲೂ ಓಡುವ ಹಳೇ ಥರದ ಫ್ರಿಡ್ಜ್ ತಣ್ಣಗಾಗಲು ಇಡೀ ರಾತ್ರಿ ಬೇಕು. ಟ್ರೇಲರ್ ಸಮತಟ್ಟಾಗಿ ನಿಂತಿರಲೂ ಬೇಕು. ಟೇಪ್ ತೆಗೆದುಕೊಂಡು ನೆಲದಿಂದ ಚಾವಣಿ ಮೇಲಿನ ಎಸಿಯ ತುದಿಯ ತನಕ ಎತ್ತರ ಅಳೆದು, ಆ ಅಂಕಿಯನ್ನು ಡ್ಯಾಶ್‌ಬೋರ್ಡ್ ಮೇಲೆ ಅಂಟಿಸಿ. ಡ್ರೈವ್-ಥ್ರೂ, ಪೆಟ್ರೋಲ್ ಬಂಕಿನ ಚಾವಣಿ, ಮರದ ಕೊಂಬೆ ಇವೆಲ್ಲ ಇವತ್ತಿನಿಂದ ನಿಮ್ಮ ತಲೆನೋವು.

ಕ್ಯಾಲಿಫೋರ್ನಿಯಾದಲ್ಲಿ 10,000 ಪೌಂಡ್ ಒಳಗಿನ ಟ್ರಾವೆಲ್ ಟ್ರೇಲರ್‌ಗೆ ಮಾಮೂಲಿ ಕಾರಿನ ಲೈಸೆನ್ಸ್ ಸಾಕು. ಅನುಭವ ಮಾತ್ರ ಲೈಸೆನ್ಸ್ ಜೊತೆ ಬರುವುದಿಲ್ಲ. ಹಾಗಾಗಿ ಒಂದು ಭಾನುವಾರ ಬೆಳಿಗ್ಗೆ ಖಾಲಿ ಪಾರ್ಕಿಂಗ್ ಲಾಟ್‌ನಲ್ಲಿ ಎರಡು ಗಂಟೆ ಕಳೆಯಿರಿ. ರಿವರ್ಸ್ ಕಲಿಯಲು ಒಂದೇ ಉಪಾಯ: ಸ್ಟೀರಿಂಗ್‌ನ ಕೆಳಭಾಗ ಹಿಡಿಯಿರಿ. ಕೈ ಯಾವ ಕಡೆ ಹೋಗುತ್ತದೋ ಟ್ರೇಲರ್‌ನ ಹಿಂಭಾಗವೂ ಆ ಕಡೆಗೇ ಹೋಗುತ್ತದೆ.

ಹಿಚ್ ಮಾಡುವ ಕ್ರಮ

ಇದನ್ನು ಅವಸರದಲ್ಲಿ ಮಾಡಬೇಡಿ. ಮಾಡುವಾಗ ಯಾರಾದರೂ ಮಾತಾಡಿಸಿದರೆ ಮತ್ತೆ ಮೊದಲಿನಿಂದ ಶುರುಮಾಡಿ. ನಾನು ಈಗಲೂ ಹಾಗೇ ಮಾಡುತ್ತೇನೆ.

1. ಟ್ರೇಲರ್ ಚಕ್ರಕ್ಕೆ ಅಡ್ಡ ಇಟ್ಟ ಚಾಕ್ ಹಾಗೇ ಇರಲಿ. ಕಪ್ಲರ್ (ಟ್ರೇಲರ್ ಮೂತಿಯಲ್ಲಿ ಹಿಚ್ ಬಾಲ್ ಮೇಲೆ ಕೂರುವ ಭಾಗ) ಮೇಲೆ ಬರೆದ ಬಾಲ್ ಸೈಜ್, ನಿಮ್ಮ ಹಿಚ್ ಬಾಲ್‌ನ ಸೈಜ್ ಒಂದೇ ಇದೆಯಾ ನೋಡಿ. 2 ಇಂಚು ಮತ್ತು 2 5/16 ಇಂಚು ದೂರದಿಂದ ಒಂದೇ ಥರ ಕಾಣುತ್ತವೆ.

2. ಬಾಲ್ ಮೇಲೆ ಕಪ್ಲರ್ ಕೂರಿಸಿ, ಲಾಕ್ ಹಾಕಿ, ಪಿನ್ ಹಾಕಿ. ಆಮೇಲೆ ಜ್ಯಾಕ್‌ನಿಂದ ಮೂತಿಯನ್ನು ಸ್ವಲ್ಪ ಮೇಲೆ ಎತ್ತಿ. ಟ್ರಕ್‌ನ ಹಿಂಭಾಗವೂ ಜೊತೆಗೆ ಮೇಲೆ ಬಂದರೆ ಹಿಚ್ ಸರಿಯಾಗಿ ಕೂತಿದೆ. ಈ ಒಂದು ನಿಮಿಷದ ಪರೀಕ್ಷೆಯನ್ನು ಎಂದೂ ಬಿಡಬೇಡಿ.

3. ಸೇಫ್ಟಿ ಚೈನ್‌ಗಳನ್ನು ಕಪ್ಲರ್ ಕೆಳಗೆ ಒಂದಕ್ಕೊಂದು ಅಡ್ಡವಾಗಿ ಹಾಕಿ. ಕಪ್ಲರ್ ಕಳಚಿದರೂ ಮೂತಿ ನೆಲಕ್ಕೆ ಬೀಳದೆ ಆ ತೊಟ್ಟಿಲಲ್ಲಿ ಕೂರುತ್ತದೆ.

4. ಬ್ರೇಕ್‌ಅವೇ ಕೇಬಲ್ ಅನ್ನು ಚೈನ್‌ಗೆ ಸಿಕ್ಕಿಸಬೇಡಿ, ಟ್ರಕ್‌ಗೇ ಸಿಕ್ಕಿಸಿ. ಟ್ರೇಲರ್ ಪೂರ್ತಿ ಕಳಚಿಕೊಂಡರೆ ಅದರ ಬ್ರೇಕ್ ತಾನಾಗಿ ಹಿಡಿಯುವುದು ಈ ಕೇಬಲ್‌ನಿಂದ.

5. ಏಳು ಪಿನ್‌ಗಳ ಪ್ಲಗ್ ಹಾಕಿ. ಒಬ್ಬರು ಹಿಂದೆ ನಿಂತು ಇಂಡಿಕೇಟರ್, ಬ್ರೇಕ್ ಲೈಟ್ ನೋಡಲಿ. ಮೂತಿಯ ಭಾರವನ್ನು ಎಲ್ಲ ಆಕ್ಸಲ್‌ಗಳಿಗೂ ಹಂಚುವ ವೇಟ್ ಡಿಸ್ಟ್ರಿಬ್ಯೂಷನ್ ಬಾರ್ ಇದ್ದರೆ ಹಾಕಿ.

6. ಪ್ರೊಪೇನ್ ಸಿಲಿಂಡರ್ ಬಂದ್ ಮಾಡಿ. ಸ್ಲೈಡ್ (ಹೊರಕ್ಕೆ ಚಾಚುವ ಕೋಣೆಯ ಭಾಗ), ಚಾವಣಿ ಕಿಟಕಿ, ಆಂಟೆನಾ, ಮೆಟ್ಟಿಲು ಎಲ್ಲ ಮುಚ್ಚಿ ಮಡಚಿದೆಯಾ ನೋಡಿ. ಕೊನೆಯಲ್ಲಿ ಚಾಕ್ ತೆಗೆದು ಒಂದು ಸುತ್ತು ಬನ್ನಿ.

ಹೊರಡುವ ಮುಂಚೆ, ಟ್ರಕ್ ಒಳಗಿಂದ ಟ್ರೇಲರ್‌ನ ಬ್ರೇಕ್ ಹಿಡಿಸುವ ಬ್ರೇಕ್ ಕಂಟ್ರೋಲರ್ ಸೆಟ್ ಮಾಡಬೇಕು. ಖಾಲಿ ಜಾಗದಲ್ಲಿ ಗಂಟೆಗೆ 20-25 ಮೈಲಿ ವೇಗದಲ್ಲಿ ಹೋಗುತ್ತ ಕಂಟ್ರೋಲರ್‌ನ ಕೈ ಲಿವರ್ ಒತ್ತಿ. ಟ್ರೇಲರ್ ನಿಮ್ಮನ್ನು ಹಿಂದಕ್ಕೆ ಗಟ್ಟಿಯಾಗಿ ಎಳೆಯಬೇಕು, ಆದರೆ ಚಕ್ರ ಲಾಕ್ ಆಗಬಾರದು. ಎಳೆತವೇ ಗೊತ್ತಾಗದಿದ್ದರೆ ಗೇನ್ (ಬ್ರೇಕ್ ಹಿಡಿಯುವ ಬಲ) ಜಾಸ್ತಿ ಮಾಡಿ, ಟೈರ್ ಉಜ್ಜಿದರೆ ಕಡಿಮೆ ಮಾಡಿ. ಎಷ್ಟು ಮಾಡಿದರೂ ಬ್ರೇಕ್ ಹಿಡಿಯದಿದ್ದರೆ ಅಲ್ಲಿಂದಲೇ ವಾಪಸ್ ಬನ್ನಿ. ಪರೀಕ್ಷೆ ಅಲ್ಲಿಗೇ ಮುಗಿಯಿತು.

ರಸ್ತೆ ಮೇಲೆ

ನಾವು ಆರಿಸಿದ್ದು ಗಿಲ್ರಾಯ್ ಹತ್ತಿರದ ಒಂದು ಖಾಸಗಿ ಆರ್‌ವಿ ಪಾರ್ಕ್. ಸ್ಯಾನ್ ಹೋಸೆಯಿಂದ ಹೈವೇ 101ರಲ್ಲಿ ದಕ್ಷಿಣಕ್ಕೆ ಸುಮಾರು 30 ಮೈಲಿ. ದಾರಿ ಹೆಚ್ಚೂಕಡಿಮೆ ಸಮತಟ್ಟು. ಸಾಂಟಾ ಕ್ರೂಜ್ ಕಡೆಯ ಹೈವೇ 17ರ ತಿರುವುಗಳು ಮೊದಲ ಸಲಕ್ಕೆ ಬೇಡ. ಪಚೆಕೊ ಪಾಸ್ ದಾಟುವ 152ರಲ್ಲಿ ಸ್ಯಾನ್ ಲೂಯಿಸ್ ಜಲಾಶಯದ ಹತ್ತಿರ ಗಾಳಿ ಜೋರು. ಅದೂ ಬೇಡ. ಬೇರೆ ರಾಜ್ಯದಲ್ಲಿದ್ದರೂ ಇದೇ ಮಾತು: ಮೊದಲ ದಾರಿಯಲ್ಲಿ ಘಾಟ್ ಇರಬಾರದು, ಹಗಲಲ್ಲೇ ತಲುಪುವಂತಿರಬೇಕು.

ಕ್ಯಾಲಿಫೋರ್ನಿಯಾದಲ್ಲಿ ಟ್ರೇಲರ್ ಎಳೆಯುವ ವಾಹನಕ್ಕೆ ವೇಗದ ಮಿತಿ 55 ಮೈಲಿ. ಬಲಗಡೆಯ ಲೇನ್‌ನಲ್ಲೇ ಹೋಗಬೇಕು. ಒಂದು ದಿಕ್ಕಿಗೆ ನಾಲ್ಕು ಅಥವಾ ಜಾಸ್ತಿ ಲೇನ್ ಇದ್ದರೆ ಅದರ ಪಕ್ಕದ ಲೇನ್ ಕೂಡ ಬಳಸಬಹುದು. ಟ್ರೇಲರ್ ಒಳಗೆ ಯಾರನ್ನೂ ಕೂರಿಸಿಕೊಂಡು ಹೋಗುವಂತಿಲ್ಲ. ಮಕ್ಕಳು ಎಷ್ಟು ಹಟ ಮಾಡಿದರೂ ಇಲ್ಲ.

ಹೊರಟು 10 ಮೈಲಿ ಆದಮೇಲೆ ಒಂದು ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ. ಟಾರ್ಕ್ ರೆಂಚ್‌ನಿಂದ ಚಕ್ರದ ನಟ್‌ಗಳನ್ನು ನೋಡಿ. ಮತ್ತೆ 25 ಮೈಲಿಗೆ, ಮತ್ತೆ 50ಕ್ಕೆ ನೋಡಿ. ಹೊಸ ಚಕ್ರಗಳು ಮೊದಲ ಓಟದಲ್ಲಿ ಕೂರುತ್ತ ಹೋದ ಹಾಗೆ ನಟ್ ಸಡಿಲವಾಗುತ್ತವೆ. ಎಷ್ಟು ಬಿಗಿ ಮಾಡಬೇಕು ಅನ್ನುವುದು ನಿಮ್ಮ ಮ್ಯಾನ್ಯುಯಲ್‌ನಲ್ಲಿದೆ. ಅರ್ಧ ಇಂಚಿನ ಸ್ಟಡ್‌ಗೆ ಸಾಮಾನ್ಯವಾಗಿ 90ರಿಂದ 120 ಅಡಿ-ಪೌಂಡ್. ನಮ್ಮದರಲ್ಲಿ 10ನೇ ಮೈಲಿಯಲ್ಲಿ ಎರಡು ನಟ್ ಕಾಲು ಸುತ್ತು ತಿರುಗಿದವು. ಪಾರ್ಕ್ 30 ಮೈಲಿ ದೂರ ಇದ್ದದ್ದರಿಂದ 50ರ ಸರದಿ ವಾಪಸ್ ಬರುವಾಗ ಬಂತು. ಅದನ್ನೂ ಬಿಡಲಿಲ್ಲ. ಪ್ರತಿ ನಿಲುಗಡೆಯಲ್ಲೂ ಚಕ್ರದ ನಡುವಿನ ಹಬ್ ಹತ್ತಿರ ಕೈ ತನ್ನಿ. ಒಂದು ಚಕ್ರ ಉಳಿದವಕ್ಕಿಂತ ತುಂಬಾ ಬಿಸಿ ಇದ್ದರೆ ಬೇರಿಂಗ್ ಅಥವಾ ಬ್ರೇಕ್ ತೊಂದರೆ ಇದೆ.

ದೊಡ್ಡ ಲಾರಿ ಪಕ್ಕದಲ್ಲಿ ಹೋದಾಗ ಟ್ರೇಲರ್ ಸ್ವಲ್ಪ ಎಳೆದ ಹಾಗಾಗುತ್ತದೆ. ಅದು ಮಾಮೂಲು. ಓಲಾಟ ನಿಲ್ಲದಿದ್ದರೆ ಮಾತ್ರ ಹೀಗೆ ಮಾಡಿ: ಬ್ರೇಕ್ ಪೆಡಲ್ ಜೋರಾಗಿ ತುಳಿಯಬೇಡಿ, ಸ್ಟೀರಿಂಗ್ ಆಚೆ ಈಚೆ ತಿರುಗಿಸಬೇಡಿ. ಆಕ್ಸಿಲರೇಟರ್‌ನಿಂದ ಕಾಲು ತೆಗೆದು, ಸ್ಟೀರಿಂಗ್ ನೇರ ಹಿಡಿದು, ಕಂಟ್ರೋಲರ್‌ನ ಲಿವರ್ ಒತ್ತಿ ಟ್ರೇಲರ್ ಬ್ರೇಕ್ ಮಾತ್ರ ಹಾಕಿ. ಇದನ್ನು ಓದಿ ಬಿಟ್ಟರೆ ಸಾಲದು, ಪಕ್ಕದಲ್ಲಿ ಕೂರುವವರಿಗೂ ಬಾಯಿಪಾಠ ಆಗಬೇಕು.

ಪಾರ್ಕ್‌ಗೆ ಬಂದ ಮೇಲೆ

ಜಾಗಕ್ಕೆ ರಿವರ್ಸ್ ಹಾಕುವ ಮುಂಚೆ ಇಳಿದು ಒಮ್ಮೆ ಸುತ್ತ ನೋಡಿ. ಮೇಲೂ ನೋಡಿ. ಗಂಡ ಹೆಂಡತಿ ಕಿರುಚಾಡುವ ಬದಲು ಫೋನ್ ಸ್ಪೀಕರ್ ಹಾಕಿಕೊಂಡು ಮೆಲ್ಲಗೆ ಮಾತಾಡಿ. 'ಎಡ, ಬಲ' ಅನ್ನುವುದಕ್ಕಿಂತ 'ಟ್ರೇಲರ್ ಹಿಂಭಾಗ ಮರದ ಕಡೆಗೆ' ಅಂದರೆ ಗೊಂದಲ ಇರುವುದಿಲ್ಲ.

ಮೊದಲು ಎಡಬಲ ಸಮ ಮಾಡಿ. ತಗ್ಗಿನ ಕಡೆಯ ಚಕ್ರದ ಕೆಳಗೆ ಲೆವೆಲಿಂಗ್ ಬ್ಲಾಕ್ ಇಟ್ಟು ಅದರ ಮೇಲೆ ಹತ್ತಿಸಿ. ಆಮೇಲೆ ಚಾಕ್. ಆಮೇಲೇ ಹಿಚ್ ಬಿಚ್ಚುವುದು. ಈ ಕ್ರಮ ತಪ್ಪಿದರೆ ಟ್ರೇಲರ್ ಉರುಳಿ ಹೋಗಬಹುದು. ಹಿಂದೆ ಮುಂದೆ ಸಮ ಮಾಡಲು ಮೂತಿಯ ಜ್ಯಾಕ್ ಸಾಕು. ನಾಲ್ಕು ಮೂಲೆಯ ಸ್ಟೆಬಿಲೈಸರ್‌ಗಳು ಅಲುಗಾಟ ನಿಲ್ಲಿಸಲು ಮಾತ್ರ. ಅವುಗಳಿಂದ ಟ್ರೇಲರ್ ಎತ್ತಬೇಡಿ, ಬಗ್ಗಿಹೋಗುತ್ತವೆ.

ಕರೆಂಟ್ ಕಂಬಕ್ಕೆ ಮೊದಲು ಸರ್ಜ್ ಪ್ರೊಟೆಕ್ಟರ್ ಹಾಕಿ. ಅದರ ದೀಪಗಳು ಎಲ್ಲ ಸರಿ ಅಂದಮೇಲೆ ಟ್ರೇಲರ್ ಪ್ಲಗ್ ಹಾಕಿ. ನೀರಿಗೆ ಕುಡಿಯುವ ನೀರಿನದೇ ಬಿಳಿ ಪೈಪು ಬೇಕು. ನಲ್ಲಿಯ ಹತ್ತಿರವೇ ಪ್ರೆಷರ್ ರೆಗ್ಯುಲೇಟರ್ ಹಾಕಿ, 40ರಿಂದ 50 ಪಿಎಸ್‌ಐ ಸಾಕು.

ವಾಟರ್ ಹೀಟರ್ ವಿಷಯದಲ್ಲಿ ದಯವಿಟ್ಟು ಹುಷಾರಾಗಿರಿ. ಅದರ ಟ್ಯಾಂಕ್ ಖಾಲಿ ಇರುವಾಗ ಕರೆಂಟ್ ಸ್ವಿಚ್ ಹಾಕಿದರೆ ಒಳಗಿನ ಕಾಯಿಲ್ ಕೆಲವೇ ನಿಮಿಷದಲ್ಲಿ ಸುಟ್ಟುಹೋಗುತ್ತದೆ. ಬಿಸಿನೀರಿನ ನಲ್ಲಿ ತೆಗೆದು ಗಾಳಿ ಇಲ್ಲದೆ ನೀರು ಒಂದೇ ಸಮ ಬರುವ ತನಕ ಕಾಯಿರಿ. ಹೀಟರ್ ಹಿಂದೆ ಬೈಪಾಸ್ ವಾಲ್ವ್ ಇರುತ್ತದೆ. ಚಳಿಗಾಲಕ್ಕೆ ಅಂತ ತಿರುಗಿಸಿ ಹಾಗೇ ಬಿಟ್ಟಿದ್ದರೆ ನಲ್ಲಿಯಲ್ಲಿ ನೀರು ಬರುತ್ತದೆ, ಟ್ಯಾಂಕ್ ಮಾತ್ರ ಖಾಲಿ. ಅದನ್ನು ಕಣ್ಣಿಂದ ನೋಡಿಯೇ ಸ್ವಿಚ್ ಹಾಕಿ.

ಸೋರುವಿಕೆ ಹುಡುಕಲು ಟಾರ್ಚ್ ಮತ್ತು ಒಣ ಟಿಶ್ಯೂ ಬೇಕು. ಸಿಂಕ್ ಕೆಳಗೆ, ಟಾಯ್ಲೆಟ್ ಹಿಂದೆ, ಹೀಟರ್ ಹತ್ತಿರ ಪ್ರತಿ ಜಾಯಿಂಟ್ ಒರೆಸಿ ನೋಡಿ. ಪಾರ್ಕ್‌ನ ನೀರು ಬಂದ್ ಮಾಡಿ, ಟ್ಯಾಂಕ್‌ಗೆ ಅರ್ಧ ನೀರು ತುಂಬಿ ಪಂಪ್ ಹಾಕಿ ಸುಮ್ನೆ ಕೂತು ಕೇಳಿ. ಯಾವ ನಲ್ಲಿಯೂ ತೆಗೆಯದೆ ಪಂಪ್ ಆಗಾಗ ಗುರ್ ಅಂದರೆ ಎಲ್ಲೋ ಸೋರುತ್ತಿದೆ. ನಮಗೆ ಶವರ್ ಹಿಂದಿನ ಸೋರಿಕೆ ಸಿಕ್ಕಿದ್ದು ಹೀಗೇ, ರಾತ್ರಿ ಎಲ್ಲರೂ ಮಲಗಿದ ಮೇಲೆ.

ಗ್ಯಾಸ್‌ಗೆ ಊರಿನಲ್ಲಿ ಮಾಡುವ ಹಾಗೇ ಸೋಪಿನ ನೀರು. ಸಿಲಿಂಡರ್, ರೆಗ್ಯುಲೇಟರ್ ಜಾಯಿಂಟ್‌ಗಳಿಗೆ ಹಚ್ಚಿ ಗುಳ್ಳೆ ಬರುತ್ತದಾ ನೋಡಿ. ಗ್ಯಾಸ್, ಕಾರ್ಬನ್ ಮೊನಾಕ್ಸೈಡ್, ಹೊಗೆ ಮೂರಕ್ಕೂ ಅಲಾರಂ ಇದೆಯಾ, ಟೆಸ್ಟ್ ಬಟನ್ ಕೂಗುತ್ತದಾ ನೋಡಿ.

ನಮ್ಮ ಅಡುಗೆ, ನಮ್ಮ ಟ್ಯಾಂಕ್

ಇಂಗ್ಲಿಷ್ ಮಾರ್ಗದರ್ಶಿಗಳಲ್ಲಿ ಸಿಗದ ಭಾಗ ಇದು. ನಮ್ಮ ಮನೆಗಳಲ್ಲಿ ತೊಂದರೆ ಶುರುವಾಗುವುದೂ ಇಲ್ಲೇ. ಮೊದಲ ದಿನ ಬ್ರೆಡ್ಡು, ಹಣ್ಣು ತಿಂದು ಬಂದರೆ ಅಡುಗೆಮನೆಯ ಪರೀಕ್ಷೆ ಆಗುವುದಿಲ್ಲ. ಅನ್ನ, ಹುಳಿ, ಪಲ್ಯ ಮಾಡಿ. ಕುಕ್ಕರ್ ಕೂಗಿಸಿ.

ಒಗ್ಗರಣೆ ಹಾಕುವ ಮುಂಚೆ ಹೊರಗೆ ಹೋಗಿ ಚಿಮಣಿಯ ಮುಚ್ಚಳ ನೋಡಿ. ತುಂಬಾ ಟ್ರೇಲರ್‌ಗಳಲ್ಲಿ ಅದಕ್ಕೆ ಹೊರಗಡೆ ಚಿಲಕ ಇರುತ್ತದೆ. ಅದನ್ನು ತೆಗೆಯದಿದ್ದರೆ ಫ್ಯಾನ್ ಎಷ್ಟು ತಿರುಗಿದರೂ ಮೆಣಸಿನಕಾಯಿ ಘಾಟು ಒಳಗೇ ಉಳಿಯುತ್ತದೆ. ನಮಗೆ ಇದು ಗೊತ್ತಿರಲಿಲ್ಲ. ಸಾಸಿವೆ ಸಿಡಿದ ಎರಡೇ ನಿಮಿಷಕ್ಕೆ ಅಲಾರಂ ಕಿರುಚಿತು, ಚಿಕ್ಕ ಮಗಳು ಹೆದರಿ ಅತ್ತಳು. ಚಾವಣಿ ಕಿಟಕಿ ಮತ್ತು ಇನ್ನೊಂದು ಕಿಟಕಿ ತೆಗೆದೇ ಅಡುಗೆ ಶುರುಮಾಡಿ. ಕರಿಯುವುದು, ಹಪ್ಪಳ, ಬೋಂಡ ಎಲ್ಲ ಹೊರಗಿನ ಒಲೆಯಲ್ಲೇ ಇರಲಿ. ಗಿಲ್ರಾಯ್ ಬೆಳ್ಳುಳ್ಳಿಗೆ ಹೆಸರಾದ ಊರು. ಅಲ್ಲಿ ಹೊರಗೆ ಒಲೆ ಹಚ್ಚಿ ಬೆಳ್ಳುಳ್ಳಿ ಒಗ್ಗರಣೆ ಹಾಕಿದ್ದು ಅಮ್ಮನಿಗೆ ತುಂಬಾ ಖುಷಿ ಕೊಟ್ಟಿತು.

ಕರೆಂಟ್ ಲೆಕ್ಕ ಎಲ್ಲರಿಗೂ ಗೊತ್ತಿರಬೇಕು. 30 ಆಂಪ್ ಟ್ರೇಲರ್‌ಗೆ 120 ವೋಲ್ಟ್‌ನಲ್ಲಿ ಸಿಗುವುದು 3,600 ವ್ಯಾಟ್. ಎಸಿ ಸುಮಾರು 1,500. ಇಂಡಕ್ಷನ್ ಒಲೆ ಪೂರ್ತಿ ಇಟ್ಟರೆ 1,800. ವಾಟರ್ ಹೀಟರ್ ಸುಮಾರು 1,400. ಮೂರೂ ಒಟ್ಟಿಗೆ ಹಾಕಿದರೆ ಬ್ರೇಕರ್ ಬಿದ್ದೇ ಬೀಳುತ್ತದೆ. ಬೆಳಿಗ್ಗೆ ಚಟ್ನಿಗೆ ಮಿಕ್ಸಿ ಹಾಕುವಾಗ ಎಸಿ ಅಥವಾ ಹೀಟರ್ ಆಫ್ ಮಾಡಿ. ಬ್ರೇಕರ್ ಬಾಕ್ಸ್ ಎಲ್ಲಿದೆ ಅಂತ ಮನೆಯ ದೊಡ್ಡವರಿಗೆಲ್ಲ ತೋರಿಸಿ.

ಈಗ ಟ್ಯಾಂಕ್. ಸಿಂಕ್ ಮತ್ತು ಸ್ನಾನದ ನೀರು ಗ್ರೇ ಟ್ಯಾಂಕ್‌ಗೆ, ಟಾಯ್ಲೆಟ್‌ದು ಬ್ಲ್ಯಾಕ್ ಟ್ಯಾಂಕ್‌ಗೆ. ಗ್ರೇ ಟ್ಯಾಂಕ್ 30 ಗ್ಯಾಲನ್ ಇದ್ದರೆ 113 ಲೀಟರ್ ಆಯಿತು. ನಲ್ಲಿ ಬಿಟ್ಟುಕೊಂಡು ಪಾತ್ರೆ ತೊಳೆಯುವ ನಮ್ಮ ಅಭ್ಯಾಸಕ್ಕೆ ಅದು ಒಂದು ದಿನವೂ ಬರುವುದಿಲ್ಲ. ಜಿಡ್ಡು, ಬೇಳೆ, ಕರಿಬೇವನ್ನು ಟಿಶ್ಯೂನಿಂದ ಒರೆಸಿ ಕಸಕ್ಕೆ ಹಾಕಿ, ಆಮೇಲೆ ತೊಳೆಯಿರಿ. ಇಲ್ಲದಿದ್ದರೆ ವಾಸನೆ, ಜೊತೆಗೆ ಸೆನ್ಸರ್ ಕೆಟ್ಟು ಟ್ಯಾಂಕ್ ಸದಾ ತುಂಬಿದೆ ಅಂತ ತೋರಿಸುತ್ತದೆ.

ಟಾಯ್ಲೆಟ್‌ನಲ್ಲಿ ಚೊಂಬು ಅಥವಾ ಸ್ಪ್ರೇ ಬಳಸುವ ಮನೆಯಾದರೆ ನಾಚಿಕೆ ಬೇಡ, ಲೆಕ್ಕ ಬೇಕು. ಬ್ಲ್ಯಾಕ್ ಟ್ಯಾಂಕ್‌ಗೆ ನೀರು ಜಾಸ್ತಿ ಹೋದರೆ ಕೆಡುಕಿಲ್ಲ, ಒಳ್ಳೆಯದೇ. ಬೇಗ ತುಂಬುತ್ತದೆ ಅಷ್ಟೇ. ಎಷ್ಟು ದಿನಕ್ಕೆ ತುಂಬಿತು ಅಂತ ನೋಟ್‌ಬುಕ್‌ನಲ್ಲಿ ಬರೆಯಿರಿ. ಮುಂದಿನ ಪ್ರಯಾಣಗಳಿಗೆಲ್ಲ ಆ ಅಂಕಿ ಬೇಕು. ಕೊಳಚೆ ಪೈಪು ಜೋಡಿಸಿದ್ದರೂ ಬ್ಲ್ಯಾಕ್ ವಾಲ್ವ್ ಮುಚ್ಚಿಯೇ ಇರಲಿ. ತೆಗೆದಿಟ್ಟರೆ ನೀರು ಹರಿದುಹೋಗಿ ಗಟ್ಟಿ ಮಾತ್ರ ಉಳಿಯುತ್ತದೆ. ಖಾಲಿ ಮಾಡುವಾಗ ಗ್ಲೌಸ್ ಹಾಕಿ, ಮೊದಲು ಬ್ಲ್ಯಾಕ್, ಆಮೇಲೆ ಗ್ರೇ. ಗ್ರೇ ನೀರು ಪೈಪನ್ನು ತೊಳೆಯುತ್ತದೆ.

ಊರಿನಿಂದ ಬಂದ ಅಪ್ಪ ಅಮ್ಮ ಜೊತೆಗಿದ್ದರೆ ಅವರೂ ಪರೀಕ್ಷೆ ಮಾಡಲಿ. ಮೆಟ್ಟಿಲು ಎತ್ತರ ಆಯಿತಾ? ರಾತ್ರಿ ಟಾಯ್ಲೆಟ್‌ಗೆ ಹೋಗುವಾಗ ಹಿಡಿದುಕೊಳ್ಳಲು ಏನಿದೆ? ನಮ್ಮ ಅಮ್ಮನಿಗೆ ಮೊದಲ ಮೆಟ್ಟಿಲೇ ಎಟುಕಲಿಲ್ಲ. ಒಂದು ಅಗಲ ಸ್ಟೂಲ್, ಬಾಗಿಲ ಪಕ್ಕ ಒಂದು ಹಿಡಿ, ಒಂದು ಸಣ್ಣ ಬೆಡ್ ಲೈಟ್. ಆ ನೋಟ್‌ಬುಕ್‌ನಲ್ಲಿ ನನಗೆ ಅತ್ಯಂತ ಮುಖ್ಯ ಅನ್ನಿಸಿದ್ದು ಈ ಮೂರು ಸಾಲು.

ಎರಡನೇ ರಾತ್ರಿ: ಪ್ಲಗ್ ಕಿತ್ತು ಮಲಗಿ

ಎರಡನೇ ಸಂಜೆ ಪಾರ್ಕ್‌ನ ಕರೆಂಟು, ನೀರು ಎರಡೂ ಬಿಚ್ಚಿಬಿಡಿ. ಯೊಸೆಮಿಟಿಯ ಕ್ಯಾಂಪ್‌ಗ್ರೌಂಡ್‌ಗಳಲ್ಲಿ ಕರೆಂಟ್ ಕಂಬವೇ ಇಲ್ಲ. ಅಲ್ಲಿಗೆ ಹೋಗುವ ಆಸೆ ಇದ್ದರೆ ಬ್ಯಾಟರಿ ಮತ್ತು ಟ್ಯಾಂಕ್ ನೀರಿನಲ್ಲಿ ಒಂದು ರಾತ್ರಿ ಇದ್ದು ನೋಡಬೇಕು. ಮಾಮೂಲಿ ಲೆಡ್-ಆಸಿಡ್ ಬ್ಯಾಟರಿ ತುಂಬಿದಾಗ ಸುಮಾರು 12.6 ವೋಲ್ಟ್, ಅರ್ಧಕ್ಕೆ ಸುಮಾರು 12.1. ಅದಕ್ಕಿಂತ ಕೆಳಗೆ ಇಳಿಸಬೇಡಿ. ಚಳಿಗೆ ಫರ್ನೇಸ್ ಹಾಕಿದರೆ ಗ್ಯಾಸ್ ಉರಿಯುತ್ತದೆ ನಿಜ, ಆದರೆ ಅದರ ಫ್ಯಾನ್ ಬ್ಯಾಟರಿ ತಿನ್ನುತ್ತದೆ. ಮಲಗುವಾಗ, ಎದ್ದಾಗ ವೋಲ್ಟೇಜ್ ಬರೆದಿಡಿ. ಬೆಳಿಗ್ಗೆಗೆ 12.1 ದಾಟಿ ಇಳಿದಿದ್ದರೆ ಇನ್ನೊಂದು ಬ್ಯಾಟರಿಯೋ ಸೋಲಾರ್ ಪ್ಯಾನೆಲೋ ಬೇಕು ಅಂತ ಅರ್ಥ.

ಮನೆಗೆ ಬಂದ ಮೇಲೆ

ಅದೇ ದಿನ ಕೂತು ನೋಟ್‌ಬುಕ್ ಅನ್ನು ಎರಡು ಪಟ್ಟಿ ಮಾಡಿ. ಒಂದು ಡೀಲರ್ ಸರಿ ಮಾಡಬೇಕಾದದ್ದು, ಇನ್ನೊಂದು ನಾವು ಕೊಳ್ಳಬೇಕಾದದ್ದು. ಸೋರಿದ ಜಾಯಿಂಟ್, ಬಿಟ್ಟ ಬಾಗಿಲು, ಹೊತ್ತದ ಬರ್ನರ್ ಎಲ್ಲಕ್ಕೂ ಫೋಟೊ ಅಥವಾ ವಿಡಿಯೊ ಇರಲಿ. ಫೋನ್‌ನಲ್ಲಿ ಹೇಳಿ ಬಿಡಬೇಡಿ. ಇಮೇಲ್‌ನಲ್ಲಿ ನಂಬರ್ ಹಾಕಿ ಕಳಿಸಿ, ತಾರೀಖು ದಾಖಲಾಗುತ್ತದೆ. ವಾರಂಟಿ ಸಾಮಾನ್ಯವಾಗಿ ಒಂದು ವರ್ಷ ಇರುತ್ತದೆ, ಆದರೆ ಬೇಸಿಗೆ ಶುರುವಾದರೆ ಸರ್ವಿಸ್‌ಗೆ ವಾರಗಟ್ಟಲೆ ಕಾಯಬೇಕು. ನಮ್ಮ ಡೀಲರ್ ಮೊದಲು 'ಅದು ಮಾಮೂಲು' ಅಂದರು. ಶವರ್ ಹಿಂದೆ ನೀರು ಹನಿಯುವ ವಿಡಿಯೊ ಕಳಿಸಿದ ಮೇಲೆ ಮರುದಿನವೇ ಅಪಾಯಿಂಟ್‌ಮೆಂಟ್ ಕೊಟ್ಟರು.

ರಿಪೇರಿ ಆಗಿ ಬಂದ ಮೇಲೆ ಆ ಪಟ್ಟಿಯನ್ನು ಕೈಯಲ್ಲಿ ಹಿಡಿದು, ಡೀಲರ್ ಅಂಗಳದಲ್ಲೇ ನೀರು ಬಿಟ್ಟು, ಬರ್ನರ್ ಹಚ್ಚಿ, ಒಂದೊಂದೇ ಟಿಕ್ ಹಾಕಿ. ಕ್ಯಾಲಿಫೋರ್ನಿಯಾದ ಸ್ಟೇಟ್ ಪಾರ್ಕ್‌ಗಳ ಬುಕಿಂಗ್ ಆರು ತಿಂಗಳು ಮುಂಚೆ ತೆರೆಯುತ್ತದೆ. ಪ್ರತಿ ಸೈಟ್‌ಗೆ ಟ್ರೇಲರ್ ಉದ್ದದ ಮಿತಿ ಇರುತ್ತದೆ. ಬುಕ್ ಮಾಡುವ ಮುಂಚೆ ಮೂತಿಯಿಂದ ಹಿಂದಿನ ಬಂಪರ್ ತನಕ ಟೇಪ್ ಹಿಡಿದು ಅಳೆಯಿರಿ. ಮಾಡೆಲ್ ಹೆಸರಿನಲ್ಲಿ 22 ಅಂತಿದ್ದರೂ ನಮ್ಮದು ಅಳೆದಾಗ 26 ಅಡಿ ಬಂತು.